ಗೇಟಿನ ಬಳಿಯ ಹೊಹೊಬಾ
ಒಂದು ಗಿಡಕ್ಕೆ ಒಂದೇ ಹೆಸರು ಎಂದರೆ ನರ್ಸರಿ ಅಕ್ಕನ ಮಟ್ಟಿಗೆ ಅದು ಶುದ್ಧ ಜಿಪುಣತನ. ಮರಳುಗಾಡಿನ ಪೊದೆ ಹೊಹೊಬಾವನ್ನು ಆಕೆ ಮೇಕೆ ಸಾಕಿದವರಿಗೆ ಮೇಕೆಕಾಯಿ ಗಿಡವೆಂದೂ, ಕಾಫಿ ಹುಚ್ಚಿನವರಿಗೆ ಕಾಫಿಪೊದೆಯೆಂದೂ, ನೆತ್ತಿ ಬೋಳಾಗುತ್ತಿರುವವರಿಗೆ ದನಿ ತಗ್ಗಿಸಿ ಎಣ್ಣೆಗಿಡವೆಂದೂ ಮಾರುತ್ತಾಳೆ. ಹೆಸರುಗಳೆಲ್ಲ ಲೋಕ ಇಟ್ಟವೇ, ಮುಖ ನೋಡಿ ಹಂಚುವ ಕೆಲಸವಷ್ಟೇ ಆಕೆಯದು. ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು ಒಮ್ಮೆ ಇದರ ಲ್ಯಾಟಿನ್ ಹೆಸರು ಹೇಳಿ, ಅದರಲ್ಲಿ ಚೀನಾ ಇದ್ದರೂ ಗಿಡ ಚೀನಾದ್ದಲ್ಲ ಎಂದು ತಾವೇ ನಕ್ಕರು. "ಹಾಗಾದ್ರೆ ನಾನೊಬ್ಬಳೇ ಸುಳ್ಳುಬುರುಕಿ ಅಲ್ಲ, ಬಿಡಿ!" ಎಂದು ಅಕ್ಕನೂ ಹೊಟ್ಟೆ ಹಿಡಿದು ನಕ್ಕಳು. ಅದೇ ಸಲಿಗೆಯಲ್ಲಿ ಮೇಷ್ಟ್ರು ಗೇಟಿನ ಬಳಿಯ ಮುದಿ ಪೊದೆಯನ್ನು ತೋರಿಸಿ, "ಇದನ್ನ ನಮ್ಮ ಕಾಲೇಜಿಗೆ ಕೊಟ್ಬಿಡಿ ಅಕ್ಕ. ಇದಕ್ಕೇನು ಹೆಸರು ಇಟ್ಟಿದ್ದೀರಿ?" ಎಂದರು. ಅಕ್ಕನ ನಗು ಅಲ್ಲೇ ನಿಂತಿತು. ಬಾವಿ ಬತ್ತಿ ನರ್ಸರಿಯೆಲ್ಲ ಸುಟ್ಟ ಹಪ್ಪಳದಂತಾದ ವರ್ಷ ಹಸಿರಾಗಿ ಉಳಿದದ್ದು ಅದೊಂದೇ. ಅದರ ಕಡ್ಡಿ ಮುರಿದು ನೆಟ್ಟೇ ಆಕೆ ಮತ್ತೆ ಅಂಗಡಿ ತೆರೆದದ್ದು. "ಮನೆ ಹಿರಿಯರನ್ನ ಯಾರಾದ್ರೂ ಹೆಸರು ಹಿಡಿದು ಕರೀತಾರಾ, ಮೇಷ್ಟ್ರೇ?" ಎನ್ನುತ್ತ, ನೀರೇ ಬೇಡದ ಆ ಪೊದೆಯ ಬುಡಕ್ಕೆ ಅಕ್ಕ ಎಂದಿನಂತೆ ಒಂದು ಚೊಂಬು ನೀರೆರೆದಳು.