ಉಜ್ಜದ ಪ್ಲೇಟುಗಳು

ಭಾಗ್ಯಕ್ಕಾ, ಆ ದಿನ ನಾನು ಪ್ಲೇಟುಗಳನ್ನು ಉಜ್ಜಿರಲಿಲ್ಲ. ಉಜ್ಜಿದ್ದೇನೆಂದು ನಿಮಗೆ ಸುಳ್ಳು ಹೇಳಿದೆ. ಇಷ್ಟನ್ನು ಬರೆಯಲು ಎಷ್ಟು ಸಲ ಕೂತು ಎದ್ದಿದ್ದೇನೋ — ಹತ್ತು ವರ್ಷವೇ ಕಳೆದುಹೋಯಿತು.

ತುಮಕೂರಿನ ನಮ್ಮ ಕಾಲೇಜಿನ ಲ್ಯಾಬು ನಿಮಗೆ ನೆನಪಿರುತ್ತದೆ. ಹಳೇ ಎಂಜಿನ್ ಆಯಿಲ್ ಶುದ್ಧಮಾಡುವ ಕಾರ್ಖಾನೆಯಿಂದ ಕ್ಯಾನುಗಳಲ್ಲಿ ಕಪ್ಪು ನೀರು ಬರುತ್ತಿತ್ತು. ಅದರೊಳಗೆ ಅಲ್ಯೂಮಿನಿಯಂ ಪ್ಲೇಟು ಇಳಿಬಿಟ್ಟು ಕರೆಂಟು ಹಾಯಿಸಿದರೆ ನೀರಿನಲ್ಲಿ ಬೆರೆತ ಎಣ್ಣೆ, ಒಡೆದ ಹಾಲಿನ ಹಾಗೆ ಗಟ್ಟಿಕಟ್ಟಿ ತೇಲಬೇಕು, ಕೆಳಗೆ ತಿಳಿನೀರು ಉಳಿಯಬೇಕು. ಕಡಿಮೆ ಕರೆಂಟಿನಲ್ಲಿ, ನಿಧಾನವಾಗಿ ಮಾಡಿದರೂ ಸಾಕು, ಸಣ್ಣ ಕಾರ್ಖಾನೆಗೂ ಎಟುಕುತ್ತದೆ ಎಂದು ಲೆಕ್ಕ ಹಾಕಿದವರು ನೀವು. ಪ್ಲೇಟಿನ ಮೇಲೆ ಕೂತು ಕರೆಂಟನ್ನು ತಡೆಯುವ ಬಿಳಿ ಪದರವನ್ನು ಪ್ರತಿ ಸಲ ಸ್ಯಾಂಡ್ ಪೇಪರಿನಿಂದ ಉಜ್ಜಿ, ಆಸಿಡ್ ನೀರಿನಲ್ಲಿ ತೊಳೆಯುವುದು ಜೂನಿಯರ್ ಆದ ನನ್ನ ಕೆಲಸ.

ಕಾರ್ಖಾನೆಯವರು ನಿಮ್ಮ ವಿಧಾನ ನೋಡಲು ಬಂದ ದಿನವೇ, ಸಂಜೆ ಕುಣಿಗಲ್‌ನ ನಮ್ಮ ಮನೆಗೆ ಹುಡುಗನ ಕಡೆಯವರು ಬರುವವರಿದ್ದರು. ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದೆ. ಅದು ಕಿತ್ತುಹೋಗುತ್ತದಲ್ಲ ಎಂದು — ಅಷ್ಟೇ ಅಕ್ಕಾ, ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

"ಏನ್ಲೇ, ಉಗುರೆಲ್ಲ ಕೆಂಪಗವೆ! ಪ್ಲೇಟ್ ಉಜ್ಜಿದ್ಯೇನೇ?" ಎಂದು ನಗುತ್ತಾ ಕೇಳಿದಿರಿ.

"ಹೂಂ ಅಕ್ಕಾ."

ಎರಡು ಗಂಟೆಯಾದರೂ ನೀರು ಕಪ್ಪಾಗಿಯೇ ಇತ್ತು. ನಮ್ಮ ಲ್ಯಾಬಿನ ಮೇಷ್ಟ್ರು ಎಲ್ಲರೆದುರು ನಿಮ್ಮ ಲೆಕ್ಕವನ್ನೇ ತಪ್ಪೆಂದರು. ನೀವು ತಲೆತಗ್ಗಿಸಿ ನಿಂತಿರಿ. ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ.

ಬಸ್‌ಸ್ಟ್ಯಾಂಡಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ನಿಮಗಾಗಿ ಅಳುತ್ತಿದ್ದೇನೆ ಅಂದುಕೊಂಡಿರಿ. ಸೆರಗಿನಿಂದ ನನ್ನ ಮುಖ ಒರೆಸಿ, "ನೀನ್ಯಾಕಳ್ತೀಯೇ? ನಂದೇ ಎಲ್ಲೋ ತಪ್ಪಿರ್ಬೇಕು ಬುಡು. ಮನೇಗ್ ಹೋಗಿ ಚೆನ್ನಾಗ್ ರೆಡಿಯಾಗು ಕಣೇ" ಅಂದಿರಿ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು.

ಹುಡುಗ ಒಪ್ಪಲಿಲ್ಲ, ಅದು ಬೇರೆ ಮಾತು. ನೀವು ಸಂಶೋಧನೆ ಬಿಟ್ಟು ಗುಬ್ಬಿಯಲ್ಲಿ ಹೈಸ್ಕೂಲ್ ಟೀಚರ್ ಆದಿರಿ. ನೀವು ಲ್ಯಾಬು ಬಿಟ್ಟ ವಾರವೇ ಪ್ಲೇಟುಗಳನ್ನು ಚೆನ್ನಾಗಿ ಉಜ್ಜಿ, ನಿಮ್ಮ ಲೆಕ್ಕದಂತೆಯೇ ಒಬ್ಬಳೇ ಮಾಡಿ ನೋಡಿದೆ. ನೀರು ತಿಳಿಯಾಯಿತು. ಅದನ್ನು ಸಿಂಕಿಗೆ ಸುರಿದು ಮನೆಗೆ ಹೋದೆ. ಮೊದಲಿನದನ್ನು ಸೋಮಾರಿತನ ಎನ್ನಬಹುದೇನೋ. ಇದಕ್ಕೆ — ಇದಕ್ಕೆ ನನ್ನ ಬಳಿ ಹೆಸರಿಲ್ಲ.

ನಿನ್ನೆ ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಆ ಮಗೂನ ಎಲ್ರ ಮುಂದೆ ಬೈದ್ಬಿಟ್ನಲ್ಲಮ್ಮ" ಅಂದರು. ನಿಮಗೆ ಆಗಲೇ ಫೋನ್ ಮಾಡಲು ಹೊರಟಿದ್ದರು. ಮೊದಲು ನನ್ನಿಂದಲೇ ತಿಳಿಯಲಿ ಎಂದು ಬೇಡಿಕೊಂಡೆ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನಿಮ್ಮ ಲೆಕ್ಕ ಸರಿಯಾಗಿತ್ತು ಅಕ್ಕಾ. ಅದು ಇಷ್ಟು ವರ್ಷ ಗೊತ್ತಿದ್ದದ್ದು ನನಗೊಬ್ಬಳಿಗೇ.