ಸುಶೀಲಾಬಾಯಿಯವರ ಒಕ್ಕಣ್ಣ ಹುಳ

ಯಾರ ಮನೆಗೆ ಹೋದರೂ ಸುಶೀಲಾಬಾಯಿಯವರು ಗಾಜಿನ ಗ್ಲಾಸಿನಲ್ಲೇ ನೀರು ಕೇಳುತ್ತಿದ್ದರು. ಕೊಟ್ಟ ಮೇಲೆ ಕುಡಿಯುತ್ತಿರಲಿಲ್ಲ. ಗ್ಲಾಸನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಣ್ಣು ನೋಡಲು ಬಂದ ಬೀಗರಂತೆ ತಪಾಸಣೆ ಮಾಡುತ್ತಿದ್ದರು. ಒಮ್ಮೆ ಪ್ರಿನ್ಸಿಪಾಲರ ಹೆಂಡತಿ ಸಿಟ್ಟಾಗಿ, "ಏನು ನೋಡ್ತೀರಿ?" ಎಂದು ಕೇಳಿಯೇಬಿಟ್ಟರು.

"ಒಳಗ ಯಾರ್ಯಾರು ವಸ್ತಿ ಇದ್ದಾರ ಅಂತ ನೋಡ್ಲಿಕ್ಕತ್ತೀನಿ" ಎಂದರು ಬಾಯಿಯವರು.

ಎಪ್ಪತ್ತರ ದಶಕ. ಸಿಂದಗಿಯ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು, ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನು ಭೌತಶಾಸ್ತ್ರ. ಅವರಿಗೆ ಐವತ್ತರ ಆಸುಪಾಸು. ಮದುವೆಯಾಗಿರಲಿಲ್ಲ. ಎಡಗಾಲು ಎಳೆದು ನಡೆಯುತ್ತಿದ್ದರು. ಮುದ್ದೇಬಿಹಾಳದಲ್ಲಿ ಸಣ್ಣವರಿದ್ದಾಗ ಆ ಕಾಲಿನಿಂದ ನಾರುಹುಳ ಹೊರಬಂದಿತ್ತು. ತಾಯಿ ಅದನ್ನು ದಿನವೂ ಕಡ್ಡಿಗೆ ಸುತ್ತಿ ಎಳೆಯುತ್ತಿದ್ದಾಗ ನಡುವೆ ಹರಿದು, ಹುಣ್ಣು ಕೀವಾಗಿ, ಕಾಲು ಬತ್ತಿತು. "ನಮ್ಮವ್ವ ನೂಲು ಸುತ್ತಿದಂಗ ಸುತ್ತಿದಳು. ಒಂದು ಕುಪ್ಪಸನೂ ಆಗಲಿಲ್ಲ, ಕಾಲು ಮಾತ್ರ ಹೋತು" ಎಂದು ನಗುತ್ತಿದ್ದರು. ಕೇಳಿದವರಿಗೆ ನಗು ಬರುತ್ತಿರಲಿಲ್ಲ.

ಮೋರಟಗಿಯ ಕಡೆ ಒಂದು ಹಳ್ಳಿಯಲ್ಲಿ ಆ ವರ್ಷ ಮನೆಗೊಬ್ಬರಂತೆ ನಾರುಹುಳದ ಹುಣ್ಣಾಗಿ ಕಾಲು ಚಾಚಿ ಮಲಗಿದ್ದರು. ಊರಿಗೆಲ್ಲ ಒಂದೇ ಮೆಟ್ಟಿಲ ಬಾವಿ. ಹುಣ್ಣಿದ್ದವರು ನೀರಿಗಿಳಿದರೆ ನಾರುಹುಳ ಅಲ್ಲೇ ಮರಿ ಬಿಡುತ್ತದೆ. ಆ ಮರಿಗಳನ್ನು ಸೈಕ್ಲಾಪ್ಸ್ ಎಂಬ ಒಕ್ಕಣ್ಣಿನ ನೀರುಹುಳ ನುಂಗುತ್ತದೆ. ಆ ಹುಳವನ್ನು ನೀರಿನ ಜೊತೆ ನಾವು ನುಂಗುತ್ತೇವೆ; ಮರಿ ನಮ್ಮ ಮೈಯೊಳಗೆ ಬೆಳೆದು ಕಾಲಿನಿಂದ ಹೊರಬರುತ್ತದೆ. ಬಾಯಿಯವರು ಇದನ್ನು ಆ ಊರ ಕಟ್ಟೆಯ ಮೇಲೆ ಕೂತು ವಿವರಿಸಿದರು. ಊರ ಗೌಡರು ಮೀಸೆ ತಿರುವಿದರು. "ನಮ್ಮ ಮುತ್ತ್ಯಾನ ಕಾಲದಿಂದ ಕುಡ್ಯಾಕತ್ತೇವ್ರಿ. ನೀರಾಗ ಚುಕ್ಕಿ ಅದಾವ, ಖರೆ. ಅವು ಬಾವಿ ಧೂಳ್ರಿ."

ಚುಕ್ಕಿಗೆ ಕೈಕಾಲು ಇವೆ ಎಂದು ತೋರಿಸಲು ಸೂಕ್ಷ್ಮದರ್ಶಕ ಬೇಕು. ಕಾಲೇಜಿನಲ್ಲಿದ್ದದ್ದು ಒಂದೇ. ಅದನ್ನು ಪ್ರಿನ್ಸಿಪಾಲರು ಕಪಾಟಿನಿಂದ ಹೊರಗೆ ಬಿಡುತ್ತಿರಲಿಲ್ಲ. ಬಾಯಿಯವರ ಅಕ್ಕನ ಅಳಿಯ ಪುಣೆಯ ಒಂದು ದೊಡ್ಡ ಸಂಸ್ಥೆಯಲ್ಲಿದ್ದ. ಅಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದಿತ್ತು. ಬಾವಿ ನೀರಿನ ಬಾಟಲಿ ಹಿಡಿದು ಇಬ್ಬರೂ ಹೋದೆವು.

ಯಂತ್ರ ನಡೆಸುವವನು ಬಾಟಲಿ ನೋಡಿ ಬೆಚ್ಚಿಬಿದ್ದ. ಯಂತ್ರದೊಳಗೆ ಗಾಳಿಯನ್ನೆಲ್ಲ ಹೀರಿ ತೆಗೆದಿರುತ್ತಾರೆ. ಹಸಿ ವಸ್ತು ಇಟ್ಟರೆ ಅದರ ನೀರೆಲ್ಲ ಆವಿಯಾಗಿ ಯಂತ್ರವೇ ಕೆಡುತ್ತದೆ. ಹುಳವನ್ನು ಒಣಗಿಸಿ, ಮೇಲೆ ತೆಳ್ಳಗೆ ಬಂಗಾರ ಲೇಪಿಸಬೇಕು ಎಂದ.

ಬಾಯಿಯವರು ನನ್ನ ಕಡೆ ತಿರುಗಿದರು. "ಕೇಳಿದಿರೇನ್ರಿ ಮಾಸ್ತರ? ಐವತ್ತು ವರ್ಷ ಆತು, ನನ್ನ ಮೈಮ್ಯಾಲೆ ಒಂದು ಗುಂಜಿ ಬಂಗಾರ ಬೀಳಲಿಲ್ಲ. ಸತ್ತ ಹುಳದ ನಸೀಬ ನೋಡ್ರಿ!"

ಹಸಿಯಾಗಿದ್ದದ್ದನ್ನು ಹಾಗೇ ನೋಡುವ ಯಂತ್ರಕ್ಕಾಗಿ ಹೊರದೇಶದಲ್ಲಿ ಯಾರೋ ಹೆಣಗುತ್ತಿದ್ದಾರೆ ಎಂದು ಅವನು ಸಮಾಧಾನ ಹೇಳಿದ. "ಅವರು ಹೆಣಗೂತನಕಾ ನಮ್ಮ ಮಂದಿ ಕಾಲು ಕಾಯಬೇಕಲ್ಲಪಾ" ಎಂದರು ಬಾಯಿಯವರು.

ಫೋಟೋ ದೊಡ್ಡದಾಗಿಯೇ ಬಂತು. ಆದರೆ ಹುಳ ಬಿಸಿಲಿಗೆ ಹಾಕಿದ ಬದನೆಕಾಯಿಯಂತೆ ಸುಕ್ಕಾಗಿತ್ತು. ಗೌಡರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ಬಾವ್ಯಾಗಿಂದಲ್ಲ ಬಿಡ್ರಿ. ನಮ್ಮ ನೀರು ಕುಡದದ್ದು ಹಿಂಗ ಸೊರಗೂದಿಲ್ಲ" ಎಂದರು. ಕಟ್ಟೆಯ ಜನ ಗೊಳ್ಳೆಂದರು. ಬಸ್ಸಿನಲ್ಲಿ ಬಾಯಿಯವರು ಸಿಂದಗಿ ಮುಟ್ಟುವವರೆಗೆ ಆ ಫೋಟೋವನ್ನು ಮಡಚುತ್ತ ಬಿಚ್ಚುತ್ತ ಕೂತರು.

ಮರುವಾರ, ಪ್ರಿನ್ಸಿಪಾಲರು ಧಾರವಾಡಕ್ಕೆ ಹೋದ ದಿನ, ಜವಾನನಿಂದ ಕೀಲಿ ಇಸಿದುಕೊಂಡು ಸೂಕ್ಷ್ಮದರ್ಶಕವನ್ನು ಎತ್ತಿಯೇಬಿಟ್ಟರು. ಕೌದಿಯಲ್ಲಿ ಸುತ್ತಿ, ಕೂಸಿನಂತೆ ಎದೆಗವುಚಿಕೊಂಡು ಬಸ್ಸು ಹತ್ತಿದರು. ನೌಕರಿ ಹೋಗುವ ಅಂಜಿಕೆಯಲ್ಲಿ ನಾನು ಪಕ್ಕದಲ್ಲಿ ಬೆವರುತ್ತಿದ್ದೆ.

"ಕೂಸು ಅಳೂದಽ ಇಲ್ಲಲ್ರಿ ಬಾಯಾರ?" ಎಂದ ಕಂಡಕ್ಟರ್.

"ಈ ಮಾಸ್ತರ ಮ್ಯಾಲೆ ಹೋಗೇದಪಾ. ಬಾಯಿನೇ ಬಿಡಂಗಿಲ್ಲ."

ಬಾವಿಯ ಬಳಿ ಬಿಸಿಲಿಗೆ ಕನ್ನಡಿ ತಿರುಗಿಸಿ, ಗಾಜಿನ ಮೇಲೆ ಹನಿ ನೀರು ಬಿಟ್ಟರು. ಮೇಲೊಂದು ತೆಳು ಗಾಜು ಮುಚ್ಚಬೇಕು. ಹುಳ ಅಪ್ಪಚ್ಚಿಯಾಗದಂತೆ ನಡುವೆ ಕೂದಲು ಇಡುವುದು ಅವರ ರೂಢಿ. ತಮ್ಮ ತಲೆಗೆ ಕೈಹಾಕಿದವರು ತಡೆದು, "ಗೌಡ್ರ, ನನ್ನ ಕೂದಲಾ ತೆಳ್ಳಗಾಗ್ಯಾವ. ನಿಮ್ಮ ಮೀಸಿದೊಂದು ಕೊಡ್ರಿ" ಎಂದರು. ಗೌಡರು ಮೀಸೆಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಬಾಯಿಯವರು ಕಿತ್ತೇಬಿಟ್ಟಿದ್ದರು.

ಕಣ್ಣೀರು ಒರೆಸಿಕೊಂಡು ಗೌಡರು ಬಗ್ಗಿ ನೋಡಿದರು. ಮರುಗಳಿಗೆ ಹಿಂದಕ್ಕೆ ಜಿಗಿದರು. "ಅಯ್ಯಯ್ಯಪ್ಪ! ಒಕ್ಕಣ್ಣೈತ್ರಿ! ಕಣ್ಣು ಕೆಂಪಗ ಮಾಡಿ ನನ್ನಽ ನೋಡಾಕತ್ತೈತಿ!"

"ಗುರುತು ಹಿಡೀಲಿಕ್ಕತ್ತದ. ಅದರ ಬಳಗನೆಲ್ಲಾ ನೀವು ನುಂಗೀರಲ್ಲ?"

ಗೌಡರು ಮೂರು ಸಲ ಉಗುಳಿದರು. ಆಮೇಲೆ ಊರ ಮುಂದೆ ತಲೆಯ ರುಮಾಲು ಬಿಚ್ಚಿ, ಎದುರಿಗಿದ್ದ ಹೆಣ್ಣುಮಗಳ ಕೊಡದ ಬಾಯಿಗೆ ತಾವೇ ಕಟ್ಟಿದರು. "ಎರಡು ಪದರ ಮಾಡ್ರಿ, ನೀರು ಸೋಸಿದರ ಹುಳ ಅರಿವ್ಯಾಗs ಉಳೀತಾವ" ಎಂದರು ಬಾಯಿಯವರು. ಹುಣ್ಣಿದ್ದವರನ್ನು ಬಾವಿಗೆ ಇಳಿಸದಂತೆ ಗೌಡರು ಅಂದೇ ಮೆಟ್ಟಿಲಿಗೆ ಆಳು ಕೂರಿಸಿದರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕಾಲು ಚಾಚಿ ಮಲಗಿದವರನ್ನು ಹುಡುಕಬೇಕಾಯಿತು.

ಪ್ರಿನ್ಸಿಪಾಲರು ಕೂಗಾಡಿದರು. "ಕಪಾಟಿನ್ಯಾಗ ಕೂತು ಅದಕ್ಕ ಬ್ಯಾಸರಾಗಿತ್ರಿ. ಹವಾ ಬದಲಿ ಮಾಡಿಸಿದೆ" ಎಂದರು ಬಾಯಿಯವರು.

ಕೊನೆಗೆ ಅವರನ್ನು ಕಂಡದ್ದು ಇಂಡಿ ಸ್ಟೇಷನ್ನಿನಲ್ಲಿ. ಸೊಲ್ಲಾಪುರದ ಅಕ್ಕನಿಗೆ ಹುಷಾರಿಲ್ಲವೆಂದು ಹೊರಟಿದ್ದರು. ಗಾಡಿ ಅಲುಗಿದ ಮೇಲೆ ಕಿಟಕಿಯಿಂದ ತಲೆ ಹಾಕಿ, "ಸೋಮವಾರ ಮೊದಲನೇ ತಾಸು ನಂದದ. ನೀವ ತಗೋರಿ. ಕಪ್ಪಿ ಕೊಯ್ಯೂದದ, ಅಂಜಬ್ಯಾಡ್ರಿ, ಅದು ಸತ್ತಿರ್ತದ!" ಎಂದು ಕೂಗಿದರು. ಪ್ಲಾಟ್‌ಫಾರ್ಮಿನವರೆಲ್ಲ ನನ್ನನ್ನೇ ನೋಡಿದರು.

ಸೋಮವಾರ ತರಗತಿ ತೆಗೆದುಕೊಂಡೆ. "ಬಾಯಿಯವರು ಯಾವಾಗ ಬರ್ತಾರ್ರಿ ಸರ್?" ಎಂದು ಹುಡುಗರು ಕೇಳಿದರು. ಗುರುವಾರ ಎಂದೆ. ಬುಧವಾರ ಸಂಜೆ ತಂತಿ ಬಂತು. ಅಕ್ಕನ ಆರೈಕೆಗೆ ಹೋದವರು ತಾವೇ ಎದೆನೋವಿನಿಂದ ಹೋಗಿಬಿಟ್ಟಿದ್ದರು. ಗುರುವಾರ ನಾನು ಒಳಗೆ ಬಂದಾಗ ಹುಡುಗರು ಎದ್ದು ನಿಂತರು. ಮೇಜಿನ ಮೇಲಿದ್ದ ನೀರಿನ ಗ್ಲಾಸನ್ನು ಬೆಳಕಿಗೆ ಹಿಡಿದು, ಬಾಯಿಯವರಂತೆ ಒಂದು ಕಣ್ಣು ಮುಚ್ಚಿ ನೋಡಿದೆ; ಆಮೇಲೆ ಅವರಿಗೆ ಕೂಡಿರೆಂದೆ.