ಸಲೀಮಜ್ಜನ ಬಂದೂಕಿಗೆ ಗಿರಾಕಿ ಸಿಕ್ಕಿದ

ಮಸ್ಕತ್ತಿನ ವಾದಿ ಕಬೀರ್‌ನಿಂದ ಒಮಾನಿನ ಒಳನಾಡಿನ ಇಬ್ರಾಕ್ಕೆ ಹೋಗಿಬರಲು ಪೆಟ್ರೋಲ್ ಆರು ರಿಯಾಲ್, ಚಾ-ಪರೋಟಕ್ಕೆ ಒಂದು. ಇಷ್ಟು ಖರ್ಚು ಮಾಡಿ ಇವತ್ತು ಬಂದೂಕಿನ ಸಂತೆಯಲ್ಲಿ ಹೆಗಲಿಗೆ ಹಾಕುವ ಚರ್ಮದ ಪಟ್ಟಿ ಮಾರಲು ಕೂತಿದ್ದೆ, ಸ್ನೇಹಿತರೇ.

ಪಕ್ಕದಲ್ಲಿ ಸಲೀಮಜ್ಜ. ಅಪ್ಪನ ಕಾಲದ ಬಂದೂಕನ್ನು ಪ್ರತಿ ಸಂತೆಗೂ ಮಾರಲು ತರುತ್ತಾರೆ. ಯಾರು ಕೇಳಿದರೂ ಬೆಲೆ ಏರಿಸಿ ಮನೆಗೇ ಒಯ್ಯುತ್ತಾರೆ. ಇವತ್ತು ಮಸ್ಕತ್ತಿನ ಯುವಕನೊಬ್ಬ ಚೌಕಾಸಿಯನ್ನೇ ಮಾಡದೆ, "ಖಲಾಸ್, ಮಾತು ಮುಗೀತು, ಕೊಡಿ" ಎಂದು ನೋಟು ತೆಗೆದುಬಿಟ್ಟ. ಅಜ್ಜನ ಮುಖ ಬಿಳಿಚಿತು.

"ಇದನ್ನು ಈ ರಫೀಕ್ ಆಗಲೇ ತಗೊಂಡಾಯ್ತು" ಎಂದು ನನ್ನತ್ತ ಬೆರಳು ತೋರಿಸಿದರು. ರಫೀಕ್ ಅಂದರೆ ಗೆಳೆಯ; ಹೊರದೇಶದಿಂದ ದುಡಿಯಲು ಬಂದ ನಮ್ಮನ್ನೆಲ್ಲ ಇಲ್ಲಿ ಕರೆಯುವುದೇ ಹಾಗೆ.

"ಹೌದು ಹೌದು, ನಂದೇ" ಎಂದೆ.

ಯುವಕ ನಕ್ಕ. "ಪರದೇಶಿ ನೀನು, ಬಂದೂಕು ಇಟ್ಟುಕೊಳ್ಳುವ ಹಾಗೇ ಇಲ್ಲ! ನಿನಗೆ ವೀಸಾ ಕೊಡಿಸಿದ ಕಫೀಲ್ ಬಂದೂಕಿಗೂ ವೀಸಾ ಮಾಡಿಸಿದನಾ?"

ಸಂತೆಯೆಲ್ಲ ನಕ್ಕಿತು. ಅಜ್ಜ ಮಾತ್ರ ಬಂದೂಕನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ಅದನ್ನು ಕಂಡ ಯುವಕ ನೋಟು ಒಳಗಿಟ್ಟ. ನನ್ನಿಂದ ಒಂದು ಪಟ್ಟಿ ಕೊಂಡು, ತಾನೇ ಅಜ್ಜನ ಬಂದೂಕಿಗೆ ಬಿಗಿದ. "ಮುಂದಿನ ಸಂತೆಗೆ ಹೊತ್ತು ತರಲು ಸಲೀಸು, ಬಾಬಾ."

ಕೊನೆಗೆ ಅಜ್ಜನಿಗೆ ಬಂದೂಕು ಉಳಿಯಿತು, ಯುವಕನಿಗೆ ಅಜ್ಜನ ಮನೆಯ ಊಟ ಸಿಕ್ಕಿತು. ನನಗೆ ಒಂದು ಪಟ್ಟಿಯ ವ್ಯಾಪಾರ, ಜೊತೆಗೆ ಅರ್ಧ ನಿಮಿಷದ ಬಂದೂಕಿನ ಯಜಮಾನಿಕೆ.